ಎಡರೆಕ್ಕೆಯ ಗರಿ

ಕೋಣಂದೂರಿನ ಸಂತೆಯ ದಿನ ಕೋಳಿ ಅಂಗಡಿಯ ಮುಂದೆ ಎಲ್ಲರೂ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಕಳೆದ ವಾರ ನಾನು ಅಲ್ಲೇ ನಿಂತುಬಿಟ್ಟೆ. ಬಿಸಿನೀರಿನ ಹಬೆಗೆ ಒದ್ದೆಯಾದ ಗರಿಯ ವಾಸನೆ... ನನ್ನ ಪಾಲಿಗೆ ಅದು ಮೇಲಿನ ಮನೆ ಅಕ್ಕನ ಕೈಯ ವಾಸನೆ.

ನಮ್ಮ ಮನೆಗಿಂತ ತುಸು ಎತ್ತರದಲ್ಲಿ ಅವರ ಮನೆಯಿತ್ತು, ಅದಕ್ಕೇ ಆ ಹೆಸರು. ನನಗಿಂತ ಒಂದೇ ವರ್ಷ ದೊಡ್ಡವಳು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು ಇಬ್ಬರಿಗೂ ಒಂದೇ ದಿನ ಬಿದಿರಿನ ಬಿಲ್ಲು ಕೊಟ್ಟಿದ್ದರು. ಗುರಿಯಲ್ಲಿ ನಾನೇನೂ ಅವಳಿಗೆ ಕಡಿಮೆ ಇರಲಿಲ್ಲ, ಈಗಲೂ ಹಾಗೆಂದೇ ಹೇಳುತ್ತೇನೆ. ಆದರೆ ಬಾಣದ ಗರಿ ಕಿತ್ತುಹೋದರೆ ನಾನು ಪೆಚ್ಚಾಗಿ ನಿಲ್ಲುತ್ತಿದ್ದೆ. ಅವಳು ಮೈದಾನದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಹಲ್ಲಿನಲ್ಲಿ ದಾರ ಕಚ್ಚಿ, ಹುಂಜದ ಹೊಸ ಗರಿ ಸೀಳಿ ಕಟ್ಟಿಬಿಡುತ್ತಿದ್ದಳು. ಗರಿ ಬರೀ ಮುದುರಿದ್ದರೆ ಚಹಾ ಕೆಟಲಿನ ಹಬೆಗೆ ಹಿಡಿಯುತ್ತಿದ್ದಳು, ಅದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಹುಡುಗರೂ ತಮ್ಮ ಬಾಣ ಹಿಡಿದು ಅವಳ ಮುಂದೆ ಸಾಲು ನಿಲ್ಲುತ್ತಿದ್ದರು. "ಕೈ ಅಂದ್ರೆ ಇದು" ಎನ್ನುತ್ತಿದ್ದರು ಮೇಷ್ಟ್ರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನೋಡಿ ನೋಡಿ ಗರಿ ಕಟ್ಟುವುದು ಕೊನೆಗೆ ನನಗೂ ಒರಟೊರಟಾಗಿ ಬಂತು. ಅವಳು ಬಾಯಿಬಿಟ್ಟು ಹೇಳಿಕೊಟ್ಟಿದ್ದು ಮಾತ್ರ ಒಂದೇ ಪಾಠ. ಒಂದು ಬಾಣದ ಮೂರು ಗರಿಯೂ ಒಂದೇ ಕಡೆಯ ರೆಕ್ಕೆಯದ್ದಾಗಿರಬೇಕು. ಎಡ, ಬಲ ಬೆರೆತರೆ ಬಾಣ ಓಲಾಡುತ್ತದೆ.

ಸಾಗರದಲ್ಲಿ ಜಿಲ್ಲಾ ಆಯ್ಕೆ. ರಾಜ್ಯಮಟ್ಟಕ್ಕೆ ಹೋಗುವುದು ಒಬ್ಬಳೇ. ಅವಳಿಗದು ಹೈಸ್ಕೂಲಿನ ಕೊನೆಯ ವರ್ಷ. ಆಯ್ಕೆಯಾದರೆ ಮಾತ್ರ ಮುಂದೆಯೂ ಬಿಲ್ಲು, ಇಲ್ಲದಿದ್ದರೆ ಸಾಕು ಎಂದು ಅವಳಪ್ಪ ಹೇಳಿಯಾಗಿತ್ತು. ಕೊನೆಯ ಸುತ್ತಿಗೆ ಮುಂಚೆ ನಾವಿಬ್ಬರೂ ಸಮ. ಆ ಸುತ್ತಿಗೆ ಆರೂ ಬಾಣ ಬೇಕು, ಅವಳ ಎರಡು ಬಾಣದ ಗರಿ ಕಿತ್ತುಹೋಗಿತ್ತು. ಒಂದನ್ನು ತಾನು ಹಿಡಿದು ಇನ್ನೊಂದನ್ನು ನನ್ನತ್ತ ಚಾಚಿದಳು.

"ಟೈಮಿಲ್ಲ ಮಾರಾಯ್ತಿ, ಇದಕ್ಕೊಂದು ಗರಿ ಕಟ್ಕೊಡೇ."

ಅವಳ ಡಬ್ಬಿಯಲ್ಲಿ ಎಡಗರಿ, ಬಲಗರಿ ಬೇರೆ ಬೇರೆ ಕಾಗದದಲ್ಲಿದ್ದವು. ಬಾಣದಲ್ಲಿ ಉಳಿದಿದ್ದ ಎರಡೂ ಎಡಗರಿ. ನಾನು ಬಲಗರಿ ತೆಗೆದೆ. ಅವಸರದಲ್ಲಿ ತಪ್ಪಾಯಿತೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ... ಸುಳ್ಳು. ಬೇಕೆಂದೇ ತೆಗೆದೆ.

ಅವಳು ನಂಬಿ, ನೋಡದೆ ಹೂಡಿದಳು. ಬಾಣ ಓಲಾಡುತ್ತ ಹೋಗಿ ಗುರಿಯ ಅಂಚಿಗೆ ನಾಟಿತು. ನಾನು ಗೆದ್ದೆ. ಹಾಳೂರಿಗೆ ಉಳಿದವನೇ ಗೌಡ! ಬಾಣ ಕೀಳಲು ಹೋದವಳು ಗರಿಯ ಮೇಲೆ ಬೆರಳಾಡಿಸಿ, ತಿರುಗಿ ನನ್ನನ್ನು ನೋಡಿದಳು. ಅಷ್ಟರಲ್ಲಿ ಮೇಷ್ಟ್ರು ಬಂದು, "ಯಾರು ಕಟ್ಟಿದ್ದು ಇದನ್ನ?" ಎಂದು ಗದರಿದರು.

"ನಾನೇ ಸಾರ್" ಎಂದಳು.

ಸೋತಾಗಲೂ ಅವಳೇ ದೊಡ್ಡವಳೆನಿಸಿಕೊಂಡಳಲ್ಲ! ನನಗೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ನಾನು ರಾಜ್ಯಮಟ್ಟಕ್ಕೆ ಹೊರಡುವ ಹಿಂದಿನ ದಿನ ಅವಳು ತನ್ನ ಆರೂ ಬಾಣಗಳನ್ನು ಸರಿಮಾಡಿ ತಂದು ನಮ್ಮ ಜಗಲಿಯ ಮೇಲಿಟ್ಟಳು. "ಎಲ್ಲಾ ಎಡಗರಿನೇ. ಬೇಕಾದ್ರೆ ನೋಡ್ಕೋ" ಎಂದಳು, ಹೋದಳು. ನಾನು ಅವನ್ನು ಅಟ್ಟಕ್ಕೆ ಎಸೆದು, ನನ್ನವನ್ನೇ ಒಯ್ದು, ಸೋತು ಬಂದೆ. ಅವಳು ಮತ್ತೆ ಬಿಲ್ಲು ಹಿಡಿಯಲಿಲ್ಲ. ನಿಟ್ಟೂರಿಗೆ ಮದುವೆಯಾಗಿ ಹೋದಳು. ಸಿಕ್ಕಾಗಲೆಲ್ಲ ಮಾತಾಡಿದೆವು, ಅದೊಂದನ್ನು ಬಿಟ್ಟು. ಹೋದ ವರ್ಷ ತೀರಿಕೊಂಡಳು...

ಕಳೆದ ವಾರ ಸಂತೆಯಲ್ಲಿ ಹಾಗೆ ನಿಂತವಳು ಗರಿ ಕೇಳಿದೆ. "ಗರಿ ಎಂತಕ್ಕೆ ಅಕ್ಕ?" ಎಂದು ಕೋಳಿ ಅಂಗಡಿಯವನು ನಗುತ್ತಲೇ ಒಂದು ಹಿಡಿ ಕೊಟ್ಟ. ಮನೆಗೆ ಬಂದು ಅಟ್ಟದಿಂದ ಬಾಣ ಇಳಿಸಿದೆ. ಗರಿಯನ್ನೆಲ್ಲ ನುಸಿ ತಿಂದಿತ್ತು, ಅವಳು ಸುತ್ತಿದ ದಾರ ಮಾತ್ರ ಎಲ್ಲೂ ಸಡಿಲವಾಗಿರಲಿಲ್ಲ. ಅದನ್ನು ನೋಡಿ ಈ ವಯಸ್ಸಿನಲ್ಲೂ ಹೊಟ್ಟೆ ಉರಿಯಿತು. ಗರಿ ಆರಿಸಿ, ಹಬೆಗೆ ಹಿಡಿದು, ಸಂಜೆಯವರೆಗೆ ಕೂತು ಒಂದೇ ಒಂದು ಬಾಣಕ್ಕೆ ಕಟ್ಟಿದೆ. ನನ್ನ ಸುತ್ತು ಒರಟು. ಆದರೆ ಮೂರೂ ಎಡಗರಿಯೇ. ಬೇಕಾದರೆ ನೋಡಿಕೋ ಎನ್ನೋಣವೆಂದರೆ ಅಕ್ಕ ಇಲ್ಲ.