ಅತ್ತೆಯ ಐದನೇ ಹಸು

ನಮ್ಮತ್ತೆ ದೊಡ್ಡಮುನಿಯಮ್ಮ ಹಿಡಿದ ಹಟ ಬಿಡುವವರಲ್ಲ. ಅವರು ಸೊಸೆಯಾಗಿ ಬಂದಾಗ ಬೆಂಗಳೂರಿನ ಕಗ್ಗದಾಸಪುರದಲ್ಲಿ ಹಸು ಮೇಯಲು ಬಯಲಿತ್ತಂತೆ. ಆಮೇಲೆ ಮನೆಗೆ ಮನೆ ಅಂಟಿಕೊಂಡು ಎದ್ದು, ಹೊಸದಾಗಿ ಬಂದವರು ಸಗಣಿ ವಾಸನೆಗೆ ಮೂಗು ಮುಚ್ಚಿಕೊಳ್ಳತೊಡಗಿದರು. ಅತ್ತೆ ಹಸುಗಳನ್ನು ಹೊಡೆದುಕೊಂಡು ಕೆ.ಆರ್.ಪುರದಾಚೆಯ ತವರಿನ ಹಳ್ಳಿಗೆ ಬಂದೇಬಿಟ್ಟರು. ಗಂಡ, ಮಗ ಹಿಂದೆ ಬರಬೇಕಾಯಿತು.

ಈಗ ನಾಲ್ಕು ಹಸು, ಅರ್ಧ ಎಕರೆ ಸೊಪ್ಪು. ಬೆಳಗಾದರೆ ಸೊಪ್ಪಿನ ಮೂಟೆಯ ಜೊತೆ ಅತ್ತೆ ರಸೆಲ್ ಮಾರುಕಟ್ಟೆಯಲ್ಲಿರುತ್ತಾರೆ. ಐದು ವರ್ಷದ ಹಿಂದೆ ಕೊಟ್ಟಿಗೆ ಪಕ್ಕ ಗೋಬರ್ ಗ್ಯಾಸ್ ತೊಟ್ಟಿ ಕಟ್ಟಿಸಿದರು. ದಿನಾ ಸಗಣಿಯನ್ನು ನೀರಲ್ಲಿ ಕಲಸಿ ಸುರಿದರೆ ಮನೆಯ ಅಡುಗೆ ಆಗುತ್ತದೆ, ಹೊರಗೆ ಬರುವ ಬಗ್ಗಡ ಸೊಪ್ಪಿನ ಮಡಿಗೆ ಗೊಬ್ಬರ. ಅತ್ತೆಗೆ ಅದು ಐದನೇ ಹಸು. ಸಂಕ್ರಾಂತಿಯಲ್ಲಿ ಅದಕ್ಕೂ ಅರಿಶಿನ, ಕುಂಕುಮ. ಅಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಊರಲ್ಲಿ ಹಸು ಇರುವ ಮನೆ ಇನ್ನೂ ಆರು ಇವೆ. ಆರೂ ಮನೆಯವರು ಸಹಿ ಹಾಕಿದರೆ ಎಲ್ಲರಿಗೂ ತೊಟ್ಟಿ ಕಟ್ಟಿಸಿಕೊಡುತ್ತೇವೆ ಎಂದು ಹಾಲಿನ ಡೈರಿಯವರು ಹೇಳಿದ್ದರು. ಅತ್ತೆ ಕಾಗದ ಹಿಡಿದು ಹೋದಾಗ ಐದು ಮನೆಯವರು ಹಾಕಿದರು. ಅಡ್ಡಗಾಲು ರಾಮಾಂಜಿನಪ್ಪನವರದು; ಅತ್ತೆ ತೊಟ್ಟಿಯನ್ನು ಹೊಗಳಿದಷ್ಟೂ ಅವರು ನಂಬುತ್ತಿರಲಿಲ್ಲ. ಅವರ ಹೆಂಡತಿ ಸೌದೆ ಹೊಗೆಗೆ ಕೆಮ್ಮಿ ಕೆಮ್ಮಿ ಹಂಚಿಕಡ್ಡಿಯಾಗಿದ್ದರು. ಆ ಕೆಮ್ಮು ಕೇಳಿದಾಗಲೆಲ್ಲ ಅತ್ತೆಗೆ ಸಂಕಟವಾಗುತ್ತಿತ್ತು.

“ಭಾನುವಾರ ಹೆಂಡ್ತೀನ ಕರ್ಕೊಂಡು ಬಾ. ನಮ್ಮ ಒಲೆ ಮೇಲೆ ಕಾಸಿದ ಕಾಫಿ ಕುಡಿ, ಆಮೇಲೆ ಮಾತಾಡು” ಎಂದು ಅತ್ತೆ ರಾಮಾಂಜಿನಪ್ಪನವರನ್ನು ಕರೆದರು.

ಅದು ರಂಜಾನ್ ತಿಂಗಳು, ಸಂಜೆ ಉಪವಾಸ ಬಿಡುವವರಿಂದ ಹಣ್ಣಿಗೆ ಭಾರಿ ಗಿರಾಕಿ. ಮಾರುಕಟ್ಟೆಯಲ್ಲಿ ಹಣ್ಣು ಹೆಚ್ಚಿ, ರಸ ತೆಗೆದು ಮಾರುವ ಅಕ್ತರ್ ನಮ್ಮ ಹಸುಗಳಿಗೆಂದು ಕಲ್ಲಂಗಡಿ ಸಿಪ್ಪೆ ಎತ್ತಿಡುತ್ತಿದ್ದರು. ಆ ವಾರ ಮೋಸಂಬಿ, ಅನಾನಸ್ ಸಿಪ್ಪೆಯೇ ರಾಶಿ ರಾಶಿ. ಹಸುಗಳು ಮೂಸಿ ಮುಖ ತಿರುಗಿಸಿದವು. ನಾಲ್ಕು ಹಸು ತಿನ್ನದ್ದನ್ನು ಐದನೆಯದು ತಿನ್ನುತ್ತದೆ ಎಂದು ಅತ್ತೆ ವಾರವಿಡೀ ಎಲ್ಲವನ್ನೂ ತೊಟ್ಟಿಗೆ ಸುರಿದರು. ಶನಿವಾರ ಒಲೆ ಹತ್ತಲೇ ಇಲ್ಲ.

ತೊಟ್ಟಿ ಕಟ್ಟಿದ್ದ ಅಂಜನಮೂರ್ತಿಗೆ ಫೋನ್ ಮಾಡಿದೆವು. “ಅಯ್ಯೋ ಅಮ್ಮಾ, ಹುಳಿ ಹಾಕ್ಬಿಟ್ರಾ? ತೊಟ್ಟಿ ಕೆಟ್ಟೋಯ್ತು. ಒಂದಷ್ಟು ಬಗ್ಗಡ ತೆಗ್ದು ಹೊಸ ಸಗಣಿ ತುಂಬ್ಬೇಕು. ನಿಮ್ಮ ನಾಲ್ಕು ಹಸೂದು ಸಾಲಲ್ಲ. ಗ್ಯಾಸ್ ಬರೋಕೆ ಎರಡ್ಮೂರು ವಾರ ಆಗತ್ತೆ.”

ನನ್ನ ಗಂಡ ಜಗದೀಶ್ ಉಪಾಯ ಹೇಳಿದರು: “ಅಮ್ಮಾ, ಒಂದ್ ಸಿಲಿಂಡರ್ ತಂದು ಗೋಡೆ ಹಿಂದೆ ಇಡ್ತೀನಿ. ಯಾರಿಗೆ ಗೊತ್ತಾಗತ್ತೆ?”

ಸುಳ್ಳೇಕೆ, ನನಗೂ ಅದೇ ಸರಿ ಎನಿಸಿತ್ತು. ಅತ್ತೆ ಎದ್ದು ತೊಟ್ಟಿಯ ಬಳಿ ಹೋಗಿ ಕುಳಿತರು. ಅವತ್ತು ಊಟವನ್ನೂ ಮಾಡಲಿಲ್ಲ.

ಭಾನುವಾರ ಗಂಡ ಹೆಂಡತಿ ಬಂದರು. ಅತ್ತೆ ಅವರ ಎದುರೇ ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರಿದರು. ಕಡ್ಡಿ ಉರಿದು ಬೆರಳ ತನಕ ಬಂತು.

“ಕಾಫಿ ಇಲ್ಲ ರಾಮಾಂಜಿನಪ್ಪ. ಚೆನ್ನಾಗಿತ್ತು, ನಾನೇ ಕೆಡಿಸ್ದೆ. ಹುಳಿ ಸಿಪ್ಪೆ ಹಾಕ್ಬಿಟ್ಟೆ.”  ಅತ್ತೆಯ ಕಣ್ಣಲ್ಲಿ ನೀರು ನಾನು ಕಂಡದ್ದು ಅವತ್ತೇ ಮೊದಲು. ನಾನು ಅವರ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡೆ.

ರಾಮಾಂಜಿನಪ್ಪ ಎದ್ದು ಹೊರಟುಹೋದರು. ಹೆಂಡತಿ ಕೆಮ್ಮುತ್ತ ಅಲ್ಲೇ ಕುಳಿತಿದ್ದರು. ಆ ಮನುಷ್ಯನಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಅರ್ಧ ಗಂಟೆಯಲ್ಲಿ ಅವರೇ ತಳ್ಳುಗಾಡಿ ತಳ್ಳಿಕೊಂಡು ವಾಪಸ್ ಬಂದರು. ಗಾಡಿ ತುಂಬ ಸಗಣಿ.

“ನಮ್ಮ ಹಸೂದು. ಎಲ್ಲಿ ಸುರೀಲಿ ಹೇಳಕ್ಕ.”

“ಸಗಣಿ ಆಮೇಲೆ ಸುರೀರಿ” ಎಂದು ಅವರ ಹೆಂಡತಿ ಎದ್ದು ಬಂದರು. “ಅಕ್ಕಾ, ಸಹಿ ಹಾಕೋ ಕಾಗ್ದ ಎಲ್ಲಿ?” ಕೆಮ್ಮು ಒತ್ತರಿಸಿ ಬಂತು. ಅದು ನಿಲ್ಲುವ ತನಕವೂ ಕಾಯದೆ, ಡೈರಿಯವರು ಬರೆದಿಟ್ಟಿದ್ದ ಗಂಡನ ಹೆಸರಿನ ಮೇಲುಗಡೆ ತಮ್ಮ ಹೆಸರು ಬರೆದರು.