ಅಮ್ಮ ಹೊಲಿದ ಕಾದಂಬರಿ

ಗುರುವಾರ ಬಂತೆಂದರೆ ನಮ್ಮ ವಠಾರದಲ್ಲಿ ಯಾರೂ ಮಧ್ಯಾಹ್ನ ಮಲಗದಿದ್ದ ಕಾಲ ಅದು. ಅಂದು ವಾರಪತ್ರಿಕೆ ಬರುತ್ತಿತ್ತು. ಮಾರೇನಹಳ್ಳಿಯ ಒಳರಸ್ತೆಯಲ್ಲಿದ್ದ ಆ ವಠಾರದ ಅಷ್ಟೂ ಮನೆಗಳಿಗೆ ಸೇರಿ ಪತ್ರಿಕೆ ಒಂದೇ. ಅಮ್ಮ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆ. ಬೆಳಿಗ್ಗೆ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಇಟ್ಟ ಸಂಡಿಗೆಯಿಂದ ಜೀರಿಗೆ, ಹಸಿಮೆಣಸಿನಕಾಯಿಯ ಘಮ ಏಳುತ್ತಿತ್ತು. ಹೆಂಗಸರೆಲ್ಲ ನೀರಿನ ತೊಟ್ಟಿಯ ನೆರಳಲ್ಲಿ ಕೂರುತ್ತಿದ್ದರು. ಕಾಗೆ ಓಡಿಸುವುದು ನನ್ನ ಕೆಲಸ. ಕಥೆ ಬಿಸಿಯೇರಿದಾಗ ನಾನೂ ಕೋಲು ಕೆಳಗಿಟ್ಟು ಕೇಳುತ್ತಿದ್ದೆ, ಆ ಹೊತ್ತು ಕಾಗೆಗಳಿಗೆ ಹಬ್ಬ.

ಓದುತ್ತಿದ್ದದ್ದು ಕಮಲಾಕ್ಷಮ್ಮ ಎಂಬ ಲೇಖಕಿಯ ಧಾರಾವಾಹಿ. ಅದರಲ್ಲಿ ಸುಮತಿ ಎಂಬ ಹುಡುಗಿ, ಅವಳನ್ನು ಗೋಳು ಹೊಯ್ದುಕೊಳ್ಳುವ ಒಬ್ಬ ಭಾವ. ವಠಾರದ ಒಡತಿ ಪುಟ್ಟಮ್ಮಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಕಥೆಯ ಮೇಲಿನ ಅಧಿಕಾರವೆಲ್ಲ ಅವರದೇ. “ಆ ಮಗೀನ ಸಾಯಿಸ್ಬೇಡ ಅಂತ ಬರ್ದು ಹಾಕೇ ಆಯಮ್ಮಂಗೆ,” ಎಂದು ಅಮ್ಮನಿಗೆ ತಾಕೀತು ಮಾಡಿದರು. ಅಮ್ಮ ನನ್ನ ಕೈಯಲ್ಲಿ ಪತ್ರಿಕೆಯ ವಿಳಾಸಕ್ಕೆ ಕಾರ್ಡು ಬರೆಸಿದಳು. ಸುಮತಿ ಬದುಕಲಿ, ಈ ಕಡೆ ಬಂದರೆ ನಮ್ಮ ಮನೆಗೆ ಬನ್ನಿ, ಇಷ್ಟೇ.

ಸುಮತಿ ಬದುಕಿದಳು. ಅದು ನಮ್ಮ ಕಾರ್ಡಿನಿಂದಲೇ ಎಂದು ವಠಾರವೆಲ್ಲ ನಂಬಿತ್ತು.

ಕಥೆ ಮುಗಿದ ಮೇಲೆ ಅಮ್ಮ ಕೂಡಿಟ್ಟಿದ್ದ ಪತ್ರಿಕೆಗಳಿಂದ ಆ ಪುಟಗಳನ್ನೆಲ್ಲ ಕತ್ತರಿಸಿ, ದಬ್ಬಳದಲ್ಲಿ ದಾರ ಪೋಣಿಸಿ ಹೊಲಿದಳು. ಮೈದಾ ಅಂಟು ಕಾಯಿಸುವಾಗ ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತ ಹಾಕಿ, “ಬೆರಳು ನೆಕ್ಕಿದ್ಯೋ ನೋಡು,” ಎಂದು ನನ್ನನ್ನು ಗದರಿದಳು. ಆ ಅಂಟಿನ ವಾಸನೆ ನನಗೆ ಇವತ್ತಿಗೂ ಇಷ್ಟ. ನಾಯಂಡಹಳ್ಳಿಯ ಗೋಡೌನಿನಲ್ಲಿ ಕೆಲಸಕ್ಕಿದ್ದ ಅಪ್ಪ ದಪ್ಪ ರಟ್ಟು ತಂದುಕೊಟ್ಟರು. ಅಮ್ಮ ಅದಕ್ಕೆ ಸೀರೆ ಡಬ್ಬಿಯ ಹೂವಿನ ಕಾಗದ ಅಂಟಿಸಿದಳು. ಕಾಗದ ಉಳಿದಿತ್ತು. “ಅವ್ರ ಮುಂದಿನ ಕಾದಂಬರಿಗೂ ಈಗ್ಲೇ ಒಂದು ಮಾಡಿಡ್ತೀನಿ,” ಎಂದು ಅಳತೆಗೆ ಇನ್ನೊಂದು ರಟ್ಟನ್ನೂ ಸಿದ್ಧಮಾಡಿ ಟ್ರಂಕಿಗೆ ಸೇರಿಸಿದಳು.

ಹೊಲಿದ ಕಾದಂಬರಿ ಬೀದಿ ಬೀದಿ ಸುತ್ತಿತು. ಪುಟಗಳಿಗೆ ಅರಿಶಿನ, ಎಣ್ಣೆ ಮೆತ್ತಿಕೊಂಡು ಅದು ಮನೆಗೆ ಮರಳಿದ ಹೊತ್ತಿಗೇ ಒಂದು ಸಂಜೆ ಕಮಲಾಕ್ಷಮ್ಮ ನಿಜವಾಗಿ ಬಂದುಬಿಟ್ಟರು! ಸಣಕಲು ಮೈ, ಮಾಸಿದ ವಾಯಿಲ್ ಸೀರೆ, ಎರಡೂ ಕೈಯಲ್ಲಿ ಚೀಲ. ಅಮ್ಮ ಸೆರಗಿನಿಂದಲೇ ಕುರ್ಚಿ ಒರೆಸಿ ಅವರನ್ನು ಕೂರಿಸಿದಳು. ಪುಟ್ಟಮ್ಮಜ್ಜಿ ಅವರ ಗಲ್ಲ ಸವರಿ ನೆಟಿಗೆ ತೆಗೆದರು.

ಕಾಫಿ ಕುಡಿದು ಅವರು ಚೀಲದಿಂದ ಒಂದು ಹೊಸ ಪುಸ್ತಕ ತೆಗೆದರು. ಅದೇ ಕಾದಂಬರಿ, ಅಚ್ಚಾಗಿತ್ತು. ಎರಡೂ ಚೀಲದ ತುಂಬ ಅದರದೇ ಪ್ರತಿಗಳು. “ಇವು ಖರ್ಚಾದ್ರೆ ಇನ್ನೊಂದು ಬರೀತೀನಿ ಅಮ್ಮ. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ ಅಂತಿದಾರೆ ಮನೇಲಿ,” ಎಂದು ನಕ್ಕರು. ಅವರು ನಕ್ಕರೆಂದು ನಾವೂ ನಕ್ಕೆವು.

“ಅಯ್ಯೋ, ನಮ್ಗ್ಯಾಕೆ? ನಮ್ಮ ಹತ್ರ ಆಗ್ಲೇ ಇದೆ!” ಅಮ್ಮ ಒಳಗೆ ಓಡಿ ತನ್ನ ಪ್ರತಿ ತಂದಳು. “ಒಂದು ವಾರನೂ ಬಿಟ್ಟಿಲ್ಲ ನೋಡಿ. ಹಿಂದಿನ ಬೀದಿಯೋರೂ ಇದನ್ನೇ ಓದಿರೋದು.” ಇದಕ್ಕಿಂತ ದೊಡ್ಡ ಮರ್ಯಾದೆ ಒಬ್ಬ ಲೇಖಕಿಗೆ ಇನ್ನೇನಿದೆ ಎಂಬ ಹಿಗ್ಗು ಅವಳ ಮುಖದ ತುಂಬ ಇತ್ತು.

ಕಮಲಾಕ್ಷಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು. “ಎಷ್ಟು ಚೆನ್ನಾಗಿ ಹೊಲ್ದಿದೀರಿ,” ಎಂದರು. ಅಮ್ಮ ಕೇಳಿದ್ದಕ್ಕೆ ಮೊದಲ ಪುಟದಲ್ಲಿ ‘ನನ್ನ ಓದುಗರಿಗೆ, ಪ್ರೀತಿಯಿಂದ’ ಎಂದು ಬರೆದು ಸಹಿ ಹಾಕಿದರು. ಹೊಸ ಪುಸ್ತಕವನ್ನು ಮತ್ತೆ ಚೀಲಕ್ಕೆ ಇಳಿಸಿದರು.

ಬರಿಗೈಲಿ ಕಳಿಸುವುದುಂಟೆ? ಅರಿಶಿನ ಕುಂಕುಮ, ರವಿಕೆ ಕಣ, ತೆಂಗಿನಕಾಯಿ, ಡಬ್ಬಿ ತುಂಬ ಸಂಡಿಗೆ. ತಂದಿದ್ದಕ್ಕಿಂತ ಹೆಚ್ಚು ಭಾರ ಹೊತ್ತು ಅವರು ಬಸ್ಸು ಹತ್ತಿದರು. “ಮುಂದಿನ್ದು ಬೇಗ ಶುರು ಮಾಡಿ!” ಎಂದು ಅಮ್ಮ ಕಿಟಕಿಯ ಹತ್ತಿರ ಹೋಗಿ ಕೂಗಿ ಹೇಳಿದಳು.

ಮುಂದಿನದು ಬರಲಿಲ್ಲ. ಗುರುವಾರ ಬಂದಾಗಲೆಲ್ಲ ಅಮ್ಮ ಮೊದಲು ಅವರ ಹೆಸರು ಹುಡುಕುತ್ತಿದ್ದಳು. “ಏನು ಸೋಮಾರಿತನವೋ,” ಎಂದು ಬೈದದ್ದೂ ಉಂಟು. ಕೆಲವು ವರ್ಷಗಳ ಮೇಲೆ ಅಪ್ಪ ಒಂದು ಸುದ್ದಿ ತಂದರು. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಆಕೆ ಲೆಕ್ಕ ಬರೆಯುತ್ತಿದ್ದಾರಂತೆ, ಕಥೆ ಬರೆಯುವುದು ಬಿಟ್ಟೇ ಬಿಟ್ಟರಂತೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಕಟ್ಟು ಪೂರ್ತಿ ಬಿಡಿಸಿ ಮುಗಿಸಿದಳು. “ಒಂದು ಪುಸ್ತಕ ತಗೋಬೇಕಿತ್ತು ಕಣೇ,” ಎಂದಳು.

ಈಗ ನಾನು ಅಲ್ಲೇ ಹತ್ತಿರದ ಆರ್‌ಪಿಸಿ ಲೇಔಟಿನಲ್ಲಿದ್ದೇನೆ. ವಠಾರವಿದ್ದ ಜಾಗದಲ್ಲಿ ಫ್ಲಾಟುಗಳೆದ್ದಿವೆ. ಇಷ್ಟವಾದ ಪುಸ್ತಕವನ್ನು ಕೊಂಡು ಓದುತ್ತೇನೆ, ಕೊಂಡೇ ಉಡುಗೊರೆ ಕೊಡುತ್ತೇನೆ, ಲೈಬ್ರರಿಗೆ ತರಿಸಿ ಎಂದು ಪೀಡಿಸುತ್ತೇನೆ. ಹೋದ ತಿಂಗಳು ನಮ್ಮ ಓದುಗರ ಗುಂಪಿನಲ್ಲಿ ಒಬ್ಬ ಹುಡುಗಿ ಆಗತಾನೇ ಬಿಡುಗಡೆಯಾದ ಕಾದಂಬರಿಯೊಂದರ ಪುಟಗಳನ್ನೆಲ್ಲ ಫೋಟೋ ತೆಗೆದು ಹಾಕಿದಳು. ಬೇಡಮ್ಮ, ಕೊಂಡು ಓದೋಣ ಎಂದು ಬರೆದೆ. “ಆಂಟಿ, ನಾನು ಅವರ ದೊಡ್ಡ ಫ್ಯಾನ್, ಎಲ್ರೂ ಓದ್ಲಿ ಅಂತ,” ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅದು ಅಮ್ಮನದೇ ದನಿ.

ಅಮ್ಮ ಹೋದ ಮೇಲೆ ಟ್ರಂಕು ನನ್ನ ಮನೆಗೆ ಬಂತು. ಕಮಲಾಕ್ಷಮ್ಮನವರ ಅಚ್ಚಾದ ಪುಸ್ತಕವನ್ನು ಎಲ್ಲೆಲ್ಲೋ ಹುಡುಕಿದೆ, ಸಿಗಲಿಲ್ಲ. ಅಮ್ಮ ಹೊಲಿದದ್ದು ಮಾತ್ರ ಹುಳ ಹಿಡಿಯದೆ ಗಟ್ಟಿಯಾಗಿದೆ. ಅದರ ಕೆಳಗೆ ಅದೇ ಅಳತೆಯ, ಅದೇ ಹೂವಿನ ಕಾಗದದ ಇನ್ನೊಂದು ರಟ್ಟು. ಅದರೊಳಗೆ ಹೊಲಿಯಲು ಏನೂ ಬರಲಿಲ್ಲ.