ಎರಡು ದರದ ನಗೀನ್‌ದಾಸ್

ನಗೀನ್‌ದಾಸನ ಮುತ್ತಜ್ಜ ಟೌನ್ ಹಾಲಿನ ಮುಂದಿನ ಆಲದ ಮರದ ಕೆಳಗೆ ನಿಂತು ಷೇರು ಮಾರಿದವನಂತೆ. ಅಜ್ಜನ ಕಾಲಕ್ಕೆ ಮರ ಹೋಗಿ ದಲಾಲ್ ಸ್ಟ್ರೀಟಿನ ಕಟ್ಟಡ ಬಂತು. ನೆರಳು ಬದಲಾಯಿತೇ ಹೊರತು ಕೂಗಾಟ ಬದಲಾಗಲಿಲ್ಲ. ನಗೀನ್‌ದಾಸನೂ ಮೀಸೆ ಚಿಗುರುವ ವಯಸ್ಸಿಗೇ ಅಲ್ಲಿನ ‘ರಿಂಗ್’ ಎಂಬ ಗದ್ದಲದ ಅಂಗಳಕ್ಕಿಳಿದು, ಜ್ಯೇಷ್ಠಮಧುವಿನ ಕಡ್ಡಿ ಕೆನ್ನೆಯಲ್ಲಿಟ್ಟುಕೊಂಡು ಕೂಗಿ ಕೂಗಿ ಗಂಟಲು ಸವೆಸಿದ.

ಅವನ ಕಸುಬಿಗೆ ಜಾಬರ್ ಎಂದು ಹೆಸರು. ಇಂಥ ಷೇರಿಗೆ ದರ ಏನು ಎಂದು ಕೇಳಿದವನು ಕೊಳ್ಳಲು ಬಂದನೋ ಮಾರಲು ಬಂದನೋ ಜಾಬರಿಗೆ ತಿಳಿಯದು. ಅದಕ್ಕೇ ಒಂದೇ ಉಸಿರಿಗೆ ಎರಡು ದರ ಹೇಳಬೇಕು, ಕೊಟ್ಟರೆ ಇಷ್ಟು, ಕೊಂಡರೆ ಇಷ್ಟು ಅಂತ. ತನಗೆ ಬೇಕಾದ್ದು ಯಾವುದು ಎಂದು ಮುಖದಲ್ಲಿ ಕಂಡಿತೋ, ಎದುರಿನವನು ಚರ್ಮ ಸುಲಿಯುತ್ತಾನೆ. ಅವನು ಎರಡರಲ್ಲಿ ಯಾವುದನ್ನು ಹಿಡಿದರೂ ಅಲ್ಲಿಗೆ ವ್ಯವಹಾರ ಮುಗಿಯಿತು. ಆಡಿದ ಮಾತನ್ನು ನುಂಗುವ ಹಾಗಿಲ್ಲ.

ರಿಂಗಿನಲ್ಲಿ ಇದು ಜಾಣತನ, ಮನೆಯಲ್ಲಿ ಪೀಡೆ. ದಾಳ್ ಮಾಡಲೋ ಕಢಿ ಮಾಡಲೋ ಎಂದು ಹೆಂಡತಿ ಮಂಗುಬೆನ್ ಕೇಳಿದರೆ, ದಾಳ್ ಮಾಡಿದರೆ ದಾಳ್, ಕಢಿ ಮಾಡಿದರೆ ಕಢಿ ಎನ್ನುವನು. ಹೊಟ್ಟೆನೋವು ಇದೆಯೇ ಎಂದು ಕೇಳಿದ ಡಾಕ್ಟರು ಇವನ ಉತ್ತರ ಕೇಳಿ, ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು ಎಂದು ಎರಡು ಬಗೆಯ ಗುಳಿಗೆ ಬರೆದುಕೊಟ್ಟರು.

ಮಗಳು ಇಲಾ ಬ್ಯಾಂಕಿನ ಗುಮಾಸ್ತ ನಿರಂಜನನನ್ನು ಮೆಚ್ಚಿದ್ದಳು. ಕಟ್ಟಿಕೊಂಡರೆ ಅವನನ್ನೇ ಎಂದು ತಾಯಿಗೆ ಹೇಳಿಯೂ ಬಿಟ್ಟಿದ್ದಳು. ಭಾನುವಾರ ಹುಡುಗನ ತಂದೆ, ಬಟ್ಟೆ ವ್ಯಾಪಾರಿ ವ್ರಜಲಾಲ್, ಹೆಂಡತಿಯೊಂದಿಗೆ ಗಿರಗಾಂವಿನ ಚಾಳ್‌ನಲ್ಲಿದ್ದ ಇವರ ಮನೆಗೆ ಬರುವುದಿತ್ತು. ಬೆಳಗ್ಗೆ ಮಂಗುಬೆನ್ ಗಂಡನ ಎದುರು ಸೌಟು ಹಿಡಿದು ನಿಂತಳು.

“ಇವತ್ತೊಂದು ದಿನ ಒಂದೇ ಮಾತಾಡಿ, ನಿಮ್ಮ ದಮ್ಮಯ್ಯ.”

“ಆಡಿದ್ರೂ ಆಡ್ತೀನಿ, ಆಡ್ದೆ ಇದ್ರೂ ಇರ್ತೀನಿ.”

ಬಂದವರಿಗೆ ಫಾಫ್ಡಾ, ಜಿಲೇಬಿ, ಚಹಾ ಆಯಿತು. ವ್ರಜಲಾಲ್ ಕತ್ತರಿ ಇಟ್ಟ ಹಾಗೆ ನೇರ ಮನುಷ್ಯ. ನಮ್ಮ ಹುಡುಗ ನಿಮಗೆ ಒಪ್ಪಿಗೆಯೇ ಎಂದು ಕೇಳಿಯೇಬಿಟ್ಟ. ನಗೀನ್‌ದಾಸನಿಗೆ ಹುಡುಗ ಬಹಳ ಹಿಡಿಸಿದ್ದ. ಎಡವಟ್ಟಾದದ್ದೇ ಅಲ್ಲಿ. ಬೇಕು ಎಂಬ ಆಸೆ ಎದೆಯಲ್ಲಿ ಎದ್ದದ್ದೇ ತಡ, ಮುಖ ಗೋಡೆಯಂತಾಯಿತು.

“ಒಪ್ಪಿಗೆ ಅಂದ್ರೆ ಒಪ್ಪಿಗೆ ವ್ರಜಲಾಲ್‌ಭಾಯ್, ಬೇಡ ಅಂದ್ರೆ ಬೇಡ.”

ವ್ರಜಲಾಲ್ ಚಹಾದ ಬಸಿಯನ್ನು ಕೆಳಗಿಟ್ಟ. ಟೋಪಿ ತಲೆಗೇರಿತು. ಮಗ ಏನು ಬಿಕರಿಯಾಗದೆ ಉಳಿದ ತುಂಡುಬಟ್ಟೆಯೇ ಎಂದು ಗೊಣಗುತ್ತ ಚಪ್ಪಲಿ ಹುಡುಕತೊಡಗಿದ. ಅವನ ಹೆಂಡತಿಯೂ ಸೆರಗು ಸರಿಮಾಡಿಕೊಂಡು ಎದ್ದಳು. ಅವರನ್ನು ತಡೆಯಲು ನಗೀನ್‌ದಾಸ್ ಬಾಯಿ ತೆರೆದರೆ, ಕೂತರೂ ಸರಿ ಎಂಬಲ್ಲಿಂದ ಮಾತು ಹೊರಟಿತು. ಉಳಿದರ್ಧ ಹೊರಬೀಳುವ ಮೊದಲೇ ಮಂಗುಬೆನ್ ಆ ಬಾಯಿಗೆ ಒಂದಿಡೀ ಜಿಲೇಬಿ ತುರುಕಿದಳು.

ಅಷ್ಟರಲ್ಲಿ ಇಲಾ ಅಡುಗೆಮನೆಯ ಬಾಗಿಲು ದಾಟಿ ಬಂದಳು. ನೇರ ಅಪ್ಪನ ಎದುರು ನಿಂತಳು.

“ಪಪ್ಪಾ, ನೀವು ಎರಡು ಹೇಳಿದ್ರಿ. ಅದ್ರಲ್ಲಿ ಒಪ್ಪಿಗೇನ ನಾನು ತಗೊಂಡೆ.”

ಜಿಲೇಬಿ ತುಂಬಿದ ಬಾಯಲ್ಲೇ ನಗೀನ್‌ದಾಸ್ ಮಗಳನ್ನು ನೋಡಿದ. ಇಷ್ಟು ವರ್ಷ ರಿಂಗಿನಲ್ಲಿ ಪಳಗಿದ ತಲೆ, ಅವನನ್ನು ಕೇಳದೆಯೇ, ವ್ಯವಹಾರ ಕುದುರಿತು ಎಂಬಂತೆ ಕೆಳಗೆ ಬಾಗಿತು.

ಇದೇನು ನಾಟಕ ಎಂದ ವ್ರಜಲಾಲ್.

“ಕೂತ್ಕೊಳಿ ವ್ರಜಲಾಲ್‌ಭಾಯ್,” ಎಂದಳು ಮಂಗುಬೆನ್. “ಎದುರಿನವ್ರು ತಗೊಂಡ್ಮೇಲೆ ಇವ್ರು ಯಾವತ್ತೂ ಹಿಂದೆ ಸರಿದಿಲ್ಲ. ಇನ್ನು ಇವ್ರಪ್ಪ ಎದ್ದು ಬಂದ್ರೂ ಮುರಿಯೋಕಾಗಲ್ಲ.”

ವ್ರಜಲಾಲನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆ ಕುಲುಕಿಸಿ ನಕ್ಕ. ಈ ಹುಡುಗಿ ನಮ್ಮ ಅಂಗಡಿಯ ಗಲ್ಲಾದಲ್ಲೇ ಕೂರಬೇಕು ಎಂದು ಹೆಂಡತಿಗೆ ಹೇಳಿ, ಟೋಪಿ ತೆಗೆದು ಮತ್ತೆ ಕುಳಿತ. ಮದುವೆ ಮಾಘದಲ್ಲೋ ವೈಶಾಖದಲ್ಲೋ ಎಂದು ಕೇಳುವಾಗ ಮಾತ್ರ ಬಹಳ ಎಚ್ಚರಿಕೆಯಿಂದ ಮಂಗುಬೆನ್ ಕಡೆಗೆ ತಿರುಗಿದ.

ನಗೀನ್‌ದಾಸ್ ಜಿಲೇಬಿ ನುಂಗಿದ.

“ಮಾಘ,” ಎಂದ.

ಎಲ್ಲರೂ ಮಾತಿನ ಇನ್ನರ್ಧಕ್ಕೆ ಕಾದರು. ಅದು ಬರಲಿಲ್ಲ. ಮಂಗುಬೆನ್ ಗಾಬರಿಯಿಂದ ಗಂಡನ ಹಣೆ ಮುಟ್ಟಿ ನೋಡಿದಳು.